ಮೂರು ವಾಲ್ವ್, ಏಳು ಗಂಟೆ ಕರೆಂಟು

ಹನಿ ನೀರಾವರಿಯ ತೋಟದಲ್ಲಿ ನೀರನ್ನು ಒಂದು ಭಾಗದಿಂದ ಇನ್ನೊಂದಕ್ಕೆ ತಿರುಗಿಸುವುದು ಗೇಟ್‌ವಾಲ್ವ್. ಅದನ್ನು ತೆರೆದು ಮುಚ್ಚುವುದು ಮನುಷ್ಯನ ಕೈ. ಬುಕ್ಕಾಂಬುಧಿ, ಶಿವನಿ, ಅಜ್ಜಂಪುರದ ಸುತ್ತಿನ ಅಡಿಕೆ, ತೆಂಗಿನ ತೋಟಗಳಲ್ಲಿ, ಹಾಗೆಯೇ ಕಡೂರು, ತರೀಕೆರೆಯ ಬಯಲಿನಲ್ಲಿ, ಆ ಕೈಗೆ ಕೆಲಸ ಬೀಳುವುದು ಎಷ್ಟೋ ಸಲ ಹೊತ್ತಲ್ಲದ ಹೊತ್ತಿನಲ್ಲಿ. ನೀರಾವರಿ ಪಂಪ್‌ಸೆಟ್ಟುಗಳಿಗೆ ರಾಜ್ಯದಲ್ಲಿ ದಿನಕ್ಕೆ 7 ಗಂಟೆ ತ್ರೀಫೇಸ್ ವಿದ್ಯುತ್ ಕೊಡುವ ಪದ್ಧತಿ ಇದೆ. ಚಿಕ್ಕಮಗಳೂರು ಜಿಲ್ಲೆಗೆ ಅದನ್ನು ಕೊಡುವುದು ಮೆಸ್ಕಾಂ. ಈ 7 ಗಂಟೆ ಒಟ್ಟಿಗೇ ಬರಬೇಕೆಂದಿಲ್ಲ, ಹಗಲಿಗೇ ಬರಬೇಕೆಂದೂ ಇಲ್ಲ. ಆಟೋ ಸ್ಟಾರ್ಟರ್ ಇದ್ದ ಕಡೆ ಕರೆಂಟು ಬಂದೊಡನೆ ಮೋಟರು ತಾನೇ ಓಡುತ್ತದೆ. ವಾಲ್ವ್ ಮಾತ್ರ ಸಂಜೆ ಹೇಗಿತ್ತೋ ಹಾಗೇ ಇರುತ್ತದೆ. ಬೆಳಗಿನ ತನಕ ಒಂದೇ ಭಾಗಕ್ಕೆ ನೀರು ಹರಿದು ಬುಡ ಕೆಸರಾಗುತ್ತದೆ, ಉಳಿದ ಭಾಗ ಒಣಗುತ್ತದೆ. ಇದನ್ನು ತಪ್ಪಿಸಲು ಸರಿರಾತ್ರಿಯಲ್ಲಿ ಬ್ಯಾಟರಿ ಹಿಡಿದು ತೋಟಕ್ಕೆ ಹೋಗಬೇಕು. ದಾರಿಯಲ್ಲಿ ಹಾವು, ಹಂದಿ, ಚಿರತೆಯ ಭಯ. ವಾಲ್ವ್‌ಗಳನ್ನು ಕಡಿಮೆ ಖರ್ಚಿನಲ್ಲಿ ಸ್ವಯಂಚಾಲಿತ ಮಾಡುವ ಮಾತು ಈ ನಡುರಾತ್ರಿಯ ನಡಿಗೆಯಿಂದ ಹುಟ್ಟಿದ್ದು.

ನೀರಿನ ಬಾಯಿ ತೆರೆದು ಮುಚ್ಚುವ ಕೆಲಸಕ್ಕೆ ಈ ನಾಡಿನಲ್ಲಿ ಹಳೆಯ ಇತಿಹಾಸವಿದೆ. ಬುಕ್ಕಾಂಬುಧಿಯ ಕೆರೆಯೇ ಆಗಲಿ, ಕಡೂರು ಸೀಮೆಯ ಅಯ್ಯನಕೆರೆ, ಮದಗದ ಕೆರೆಗಳೇ ಆಗಲಿ, ಏರಿಯ ಕೆಳಗಿನ ತೂಬನ್ನು ನಂಬಿಯೇ ಗದ್ದೆ ಬಯಲಿಗೆ ನೀರು ಕೊಟ್ಟಿವೆ. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಿ, ಮಡೆ ಕಡಿದು ಮಡೆ ಕಟ್ಟುವುದು ನೀರುಗಂಟಿಯ ಕೆಲಸ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ವಾಲ್ವ್, ಟೈಮರ್, ಕಂಟ್ರೋಲರ್ ಮೂರೂ ಅವನೇ. ಮನುಷ್ಯನ ಕೈ ಇಲ್ಲದೆ ತೆರೆಯುವ ಬಾಗಿಲನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮುಖ್ಯರು. ನೀರು ಒಂದು ಮಟ್ಟ ಮುಟ್ಟಿದಾಗ ತಾನೇ ತೆರೆದು, ಇಳಿದಾಗ ತಾನೇ ಮುಚ್ಚಿಕೊಳ್ಳುವ ಅವರ ಗೇಟುಗಳನ್ನು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಲಾಯಿತು. ಕನ್ನಂಬಾಡಿ ಕಟ್ಟೆಗೂ ಮುಂದೆ ಅಂಥವು ಬಂದವು. ಅವಕ್ಕೆ ವಿದ್ಯುತ್ತೂ ಬೇಕಿರಲಿಲ್ಲ, ನೀರಿನ ಭಾರವೇ ಸಾಕಾಗಿತ್ತು. ಮನೆಯ ಟ್ಯಾಂಕಿನ ಬಾಲ್‌ಕಾಕ್ ಕೂಡ ಇದೇ ಜಾತಿಯದು. ತೋಟದಲ್ಲಿ ತೊಟ್ಟಿ ತುಂಬಿದಾಗ ನೀರು ನಿಲ್ಲಬೇಕಾದ ಕಡೆ ಇಂದಿಗೂ ಬಾಲ್‌ಕಾಕಿಗಿಂತ ಅಗ್ಗದ, ನಂಬಿಕೆಯ ಯಂತ್ರವಿಲ್ಲ. ಅದರಿಂದ ಆಗುವ ಕೆಲಸಕ್ಕೆ ಕಂಪ್ಯೂಟರ್ ತರುವುದು ದಂಡದ ಖರ್ಚು.

ಯಾಂತ್ರೀಕರಣ ಶುರುವಾಗಬೇಕಾದ್ದು ಅಂಗಡಿಯಲ್ಲಲ್ಲ, ಲೆಕ್ಕದಲ್ಲಿ. ಅಡಿಕೆಗೆ ಸಾಮಾನ್ಯ ಅಂತರ 9 ಅಡಿಗೆ 9 ಅಡಿ. ಆ ಲೆಕ್ಕದಲ್ಲಿ ಎಕರೆಗೆ ಸುಮಾರು 550 ಮರ. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ಬೇಸಿಗೆಯ ದಿನಕ್ಕೆ 16ರಿಂದ 20 ಲೀಟರ್ ಸಾಕೆಂಬುದು ಕೃಷಿ ವಿಜ್ಞಾನಿಗಳ ಶಿಫಾರಸು. ಬುಡಕ್ಕೆ ಗಂಟೆಗೆ 4 ಲೀಟರಿನ 2 ಡ್ರಿಪ್ಪರ್ ಇದ್ದರೆ ಮರಕ್ಕೆ ಗಂಟೆಗೆ 8 ಲೀಟರ್ ಬೀಳುತ್ತದೆ, ಎರಡೂವರೆ ಗಂಟೆಯಲ್ಲಿ 20 ಲೀಟರ್ ಆಗುತ್ತದೆ. ಇನ್ನು ಬೋರಿನ ಕಡೆ. ಊರಿನಲ್ಲಿ ಎರಡಿಂಚು ನೀರು, ಒಂದೂವರೆ ಇಂಚು ನೀರು ಎನ್ನುವ ಮಾತು ಕೊರೆಯುವಾಗ ಇಡುವ ಮೂಲೆಗಚ್ಚಿನ ತಗಡಿನ ಅಳತೆ. ಆ ಕಚ್ಚು ಲಂಬಕೋನದ್ದಾಗಿದ್ದರೆ 2 ಇಂಚು ಎಂದರೆ ಗಂಟೆಗೆ ಸುಮಾರು 2,900 ಲೀಟರ್. ಒಂದೂವರೆ ಇಂಚು ಎಂದರೆ ಬರೀ 1,400. ಅರ್ಧ ಇಂಚು ಇಳಿದರೆ ನೀರು ಅರ್ಧಕ್ಕೂ ಕೆಳಗೆ ಬಿತ್ತು ಎಂಬುದು ಅನೇಕರ ಲೆಕ್ಕಕ್ಕೆ ಬಂದಿರುವುದಿಲ್ಲ. ತಗಡಿನ ಅಳತೆ ಕೊರೆದ ದಿನದ್ದು. ಇಂದಿನ ನೀರು ತಿಳಿಯಲು 200 ಲೀಟರಿನ ಡ್ರಮ್ ಇಟ್ಟು ಗಡಿಯಾರ ನೋಡಿದರೆ ಆಯಿತು. ನಾಲ್ಕು ನಿಮಿಷದ ಮೇಲೆ ತುಸು ಹೊತ್ತಿಗೆ ಡ್ರಮ್ ತುಂಬಿದರೆ ಆ ಬೋರು ಇನ್ನೂ ಎರಡಿಂಚಿನದೇ.

ಈಗ ಎರಡನ್ನೂ ಕೂಡಿಸಿ ನೋಡಬಹುದು. ಗಂಟೆಗೆ 2,900 ಲೀಟರ್ ಕೊಡುವ ಬೋರು ಒಂದೇ ಸಲಕ್ಕೆ ಸುಮಾರು 360 ಮರಗಳ ಡ್ರಿಪ್ಪರುಗಳನ್ನು ಸರಿಯಾದ ಒತ್ತಡದಲ್ಲಿ ನಡೆಸುತ್ತದೆ. ಎರಡೆಕರೆಯ 1,100 ಮರಕ್ಕೆ ಮೂರು ಭಾಗ ಮಾಡಬೇಕು, ಮೂರು ವಾಲ್ವ್ ಬೇಕು. ಕರೆಂಟು 7 ಗಂಟೆ. ಮೂರರಿಂದ ಭಾಗಿಸಿದರೆ ಭಾಗಕ್ಕೆ 2 ಗಂಟೆ 20 ನಿಮಿಷ, ಮರಕ್ಕೆ 18 ಲೀಟರಿನ ಮೇಲೆ. ಬೇಡಿಕೆಗೂ ಪೂರೈಕೆಗೂ ಇಷ್ಟು ಹತ್ತಿರದ ಹೊಂದಾಣಿಕೆ ಇರುವಾಗ ಒಂದು ಗಂಟೆ ತಡವಾಗಿ ವಾಲ್ವ್ ತಿರುಗಿಸಿದರೂ ಯಾವುದೋ ಒಂದು ಭಾಗಕ್ಕೆ ಆ ದಿನದ ನೀರಿನಲ್ಲಿ ದೊಡ್ಡ ಪಾಲು ತಪ್ಪುತ್ತದೆ. ತೋಟ ಮೂರೆಕರೆಯದಾದರೆ ಇದೇ ಬೋರಿನಿಂದ ದಿನವೂ ಎಲ್ಲ ಮರಕ್ಕೂ 18 ಲೀಟರ್ ಕೊಡಲಾಗದು. ದಿನ ಬಿಟ್ಟು ದಿನದ ಪಾಳಿ ಮಾಡಬೇಕು, ಇಲ್ಲವೇ 12 ಲೀಟರಿಗೆ ಒಪ್ಪಿಕೊಳ್ಳಬೇಕು. ಯಾವ ಯಂತ್ರವೂ ಬೋರಿನಲ್ಲಿಲ್ಲದ ನೀರನ್ನು ತರುವುದಿಲ್ಲ. ಇರುವುದನ್ನು ಪಾಲು ಮಾಡುವುದಷ್ಟೇ ಅದರ ಕೆಲಸ.

ಭಾಗ ಮಾಡುವಾಗ ಎಕರೆ ನೋಡದೆ ಮರ ಎಣಿಸಬೇಕು. ಒಂದು ಭಾಗದಲ್ಲಿ 450 ಮರ, ಇನ್ನೊಂದರಲ್ಲಿ 250 ಮರ ಇದ್ದರೆ ಮೊದಲನೆಯದರಲ್ಲಿ ಸಾಲಿನ ಕೊನೆಯ ಡ್ರಿಪ್ಪರು ತೊಟ್ಟಿಕ್ಕುವುದಿಲ್ಲ, ಎರಡನೆಯದರಲ್ಲಿ ಒತ್ತಡ ಏರಿ ಲ್ಯಾಟರಲ್ ಪೈಪು ಕಿತ್ತುಕೊಳ್ಳುತ್ತದೆ. ಕೈಯಿಂದ ತಿರುಗಿಸುವವರು ವಾಲ್ವನ್ನು ಅರ್ಧ, ಮುಕ್ಕಾಲು ತೆರೆದು ಇದನ್ನು ಸರಿದೂಗಿಸಿಕೊಳ್ಳುತ್ತಾರೆ. ಯಂತ್ರಕ್ಕೆ ಆ ಹದ ಗೊತ್ತಿರುವುದಿಲ್ಲ.

ಕರೆಂಟಿನಿಂದ ನಡೆಯುವ ವಾಲ್ವ್‌ಗಳಲ್ಲಿ ಎರಡು ಬಗೆ. ಒಂದು ಸೊಲೆನಾಯ್ಡ್ ವಾಲ್ವ್. ಇದರೊಳಗೆ ರಬ್ಬರಿನ ಪರದೆ ಇರುತ್ತದೆ. ಪೈಪಿನ ನೀರೇ ಸಣ್ಣ ರಂಧ್ರದ ಮೂಲಕ ಪರದೆಯ ಮೇಲಿನ ಗೂಡಿಗೂ ಬರುವುದರಿಂದ ಮೇಲಿನ ಒತ್ತಡ ಪರದೆಯನ್ನು ಅದುಮಿ ದಾರಿ ಮುಚ್ಚಿರುತ್ತದೆ. ತಂತಿ ಸುತ್ತಿದ ಕಾಯಿಲಿಗೆ ವಿದ್ಯುತ್ ಹರಿದಾಗ ಒಂದು ಸಣ್ಣ ಕಬ್ಬಿಣದ ಕಡ್ಡಿ ಮೇಲೇಳುತ್ತದೆ, ಮೇಲಿನ ಗೂಡಿನ ನೀರು ಸೋರಿ ಹೋಗುತ್ತದೆ, ಕೆಳಗಿನ ಒತ್ತಡ ಪರದೆಯನ್ನು ಎತ್ತುತ್ತದೆ. ಹೀಗೆ ಕಾಲು ಆಂಪಿಯರಿನಷ್ಟು ಕರೆಂಟು ಇಡೀ ಪೈಪಿನ ನೀರನ್ನು ಬಿಡುತ್ತದೆ, ಹಿಡಿಯುತ್ತದೆ. ಕೆಲಸ ಮಾಡುವುದು ನೀರಿನ ಒತ್ತಡವೇ ಆದ್ದರಿಂದ ಇದಕ್ಕೆ ಕನಿಷ್ಠ ಅರ್ಧದಿಂದ ಒಂದು ಕೆಜಿ ಒತ್ತಡ ಬೇಕು. 10 ಮೀಟರ್ ಎತ್ತರದ ನೀರು ಕೊಡುವುದು ಒಂದು ಕೆಜಿ ಒತ್ತಡ. ತೋಟದ ಮೂಲೆಯಲ್ಲಿ ಐದಾರು ಅಡಿ ಎತ್ತರದ ತೊಟ್ಟಿ ಕಟ್ಟಿ ಅಲ್ಲಿಂದ ನೀರು ಇಳಿಬಿಡುವ ಕಡೆ ಸೊಲೆನಾಯ್ಡ್ ಹಾಕಿದರೆ ತೆರೆಯುವುದೂ ಸರಿಯಿರದು, ಮುಚ್ಚುವುದೂ ಸರಿಯಿರದು.

ಅಂಥ ಕಡೆಗೆ ಎರಡನೆಯ ಬಗೆ, ಮೋಟರ್ ಕೂಡಿಸಿದ ಬಾಲ್ ವಾಲ್ವ್. ಸಣ್ಣ ಗೇರ್ ಮೋಟರು ಗುಂಡನ್ನು ಕಾಲು ಸುತ್ತು ತಿರುಗಿಸುತ್ತದೆ. ಒತ್ತಡ ಇರಲಿ ಬಿಡಲಿ, ಕೆಲಸ ನಡೆಯುತ್ತದೆ. ಕರೆಂಟು ಹೋದರೆ ಇದ್ದಲ್ಲೇ ನಿಲ್ಲುತ್ತದೆ. ಬೆಲೆ ಮಾತ್ರ ಹೆಚ್ಚು. ಗುಜರಿಯಿಂದ ಕಾರಿನ ವೈಪರ್ ಮೋಟರು ತಂದು ಸಾಮಾನ್ಯ ಪಿವಿಸಿ ಬಾಲ್ ವಾಲ್ವಿಗೆ ಕಟ್ಟುವ ಉಪಾಯವೂ ಇದೆ. ಎರಡು ತುದಿಯಲ್ಲೂ ಮೋಟರು ನಿಲ್ಲಿಸುವ ಲಿಮಿಟ್ ಸ್ವಿಚ್ ಇದ್ದರೆ ಅದು ನಡೆಯುವುದೂ ಹೌದು. ಆದರೆ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಅಲುಗದ ಬಾಲ್ ವಾಲ್ವ್ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಆಗ ಮೋಟರು ಸುಡುತ್ತದೆ, ಇಲ್ಲವೇ ಹಿಡಿ ಮುರಿಯುತ್ತದೆ. ಕೈಯಲ್ಲಿ ಕಸುಬಿರುವ ಹುಡುಗರಿಗೆ ಇದು ಒಳ್ಳೆಯ ಅಭ್ಯಾಸ. ಬೆಳೆಯನ್ನು ಅದರ ಮೇಲೆ ನಂಬಿ ಬಿಡುವುದು ಬೇಡ.

ಬೋರಿನಿಂದ ನೇರವಾಗಿ ಡ್ರಿಪ್ಪಿಗೆ ನೀರು ಬಿಡುವ ತೋಟಕ್ಕೆ ಸೊಲೆನಾಯ್ಡ್ ವಾಲ್ವೇ ಅಗ್ಗ. ಇಲ್ಲಿ ಹಣ ಪೋಲಾಗುವ ಒಂದು ಜಾಗವಿದೆ. ಪೈಪು ಎರಡಿಂಚಿನದು, ಆದ್ದರಿಂದ ವಾಲ್ವೂ ಎರಡಿಂಚಿನದೇ ಬೇಕು ಎಂದು ಕೊಳ್ಳುವವರೂ ಹೇಳುತ್ತಾರೆ, ಮಾರುವವರೂ ಒಪ್ಪುತ್ತಾರೆ. ವಾಲ್ವ್ ಆರಿಸಬೇಕಾದ್ದು ಹರಿಯುವ ನೀರನ್ನು ನೋಡಿ. ಗಂಟೆಗೆ 2,900 ಲೀಟರನ್ನು ಒಂದಿಂಚಿನ ಒಳ್ಳೆಯ ವಾಲ್ವ್ ಸಲೀಸಾಗಿ ಬಿಡುತ್ತದೆ, ಒತ್ತಡದಲ್ಲಿ ಆಗುವ ನಷ್ಟ ಕಾಲು ಕೆಜಿಯ ಆಸುಪಾಸು. ಎರಡೂ ಕಡೆ ರೆಡ್ಯೂಸರ್ ಹಾಕಿ ಒಂದಿಂಚಿನದನ್ನು ಕೂಡಿಸಿದರೆ ಮೂರು ವಾಲ್ವಿನ ಬೆಲೆಯಲ್ಲಿ ಎದ್ದು ಕಾಣುವ ಉಳಿತಾಯ. ದೊಡ್ಡ ವಾಲ್ವಿನಲ್ಲಿ ಸಣ್ಣ ಹರಿವು ಬಂದಾಗ ಪರದೆ ಪೂರ್ತಿ ಏಳದೆ ಅದುರುವುದೂ ಉಂಟು. ಹಾಗಾಗಿ ಇಲ್ಲಿ ಅಗ್ಗದ್ದೇ ಒಳ್ಳೆಯದೂ ಹೌದು. ಇಂಥ ಅವಕಾಶ ಕೃಷಿ ಸಾಮಗ್ರಿಯಲ್ಲಿ ಅಪರೂಪ.

ಈ ವಾಲ್ವ್‌ಗಳ ಕಾಯಿಲು ಸಾಮಾನ್ಯವಾಗಿ 24 ವೋಲ್ಟಿನ ಎಸಿ. ಹೋಟೆಲು, ರೆಸಾರ್ಟುಗಳ ಈಜುಕೊಳದಲ್ಲಿ ಜಲಪಾತ, ಕಾರಂಜಿಗಳಿಗೆ ನೀರು ತಿರುಗಿಸುವ ವಾಲ್ವಿನ ಮೋಟರುಗಳೂ ಬಹುತೇಕ ಇದೇ 24 ವೋಲ್ಟಿನವು. ಹುಲ್ಲುಹಾಸಿನ ಸ್ಪ್ರಿಂಕ್ಲರ್ ಟೈಮರ್ ಕೂಡ ಇದೇ ವೋಲ್ಟೇಜಿನದು. ಹೊರದೇಶಗಳಲ್ಲಿ ಈಜುಕೊಳದ ದುಬಾರಿ ಕಂಟ್ರೋಲರ್ ಕೊಳ್ಳಲಾಗದವರು ಹುಲ್ಲುಹಾಸಿನ ಅಗ್ಗದ ಟೈಮರಿನಿಂದ ಕಾರಂಜಿ ನಡೆಸುವುದು ಹೀಗೆ. ಅದೇ ಟೈಮರು ಅಡಿಕೆ ತೋಟಕ್ಕೂ ಆಗುತ್ತದೆ. ಈಜುಕೊಳದವರಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಮೂರು ಬಾಯಿಯ ವಾಲ್ವ್. ಅದು ನೀರನ್ನು ಒಂದು ಬಾಯಿಯಿಂದ ಇನ್ನೊಂದು ಬಾಯಿಗೆ ಹೊರಳಿಸುತ್ತದೆ. ಅರ್ಧ ಸುತ್ತಿಗೆ ಅರ್ಧ ನಿಮಿಷದಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಹಾಗೆ ಹೊರಳುವ ನಡುವೆ ಎರಡೂ ದಾರಿ ಒಟ್ಟಿಗೆ ಮುಚ್ಚಿರುವ ಕ್ಷಣ ಬರದಂತೆ ಅದನ್ನು ರೂಪಿಸಿರುತ್ತಾರೆ. ಪಂಪು ಓಡುತ್ತಿರುವಾಗ ನೀರಿಗೆ ದಾರಿ ಇಲ್ಲದಂತೆ ಆಗಬಾರದು ಎಂಬುದೇ ಅದರ ಹಿಂದಿನ ಲೆಕ್ಕ.

ತೋಟದಲ್ಲಿ ಈ ಲೆಕ್ಕ ತಪ್ಪಿದರೆ ಪೆಟ್ಟು ದೊಡ್ಡದು. ಐನೂರು ಆರುನೂರು ಅಡಿ ಆಳದಿಂದ ನೀರೆತ್ತುವ ಸಬ್‌ಮರ್ಸಿಬಲ್ ಪಂಪಿಗೆ ಹಲವಾರು ಸ್ಟೇಜುಗಳಿರುತ್ತವೆ. ಅದರ ಬಾಯಿ ಪೂರ್ತಿ ಮುಚ್ಚಿದರೆ ನೆಲದ ಮೇಲಿನ ಪೈಪಿನಲ್ಲಿ ಒತ್ತಡ 4 ಕೆಜಿ, 6 ಕೆಜಿಯ ಪಿವಿಸಿ ತಡೆಯುವ ಮಟ್ಟ ಮೀರಬಹುದು. ಪೈಪು ಸಿಡಿಯದೆ ಉಳಿದರೆ ಒಳಗೆ ಮೋಟರು ಕಾಯುತ್ತದೆ. ಆದ್ದರಿಂದ ಒಂದನೆಯ ವಾಲ್ವ್ ಮುಚ್ಚುವ ಮೊದಲು ಎರಡನೆಯದು ತೆರೆಯಬೇಕು. ಎರಡೂ ಅರ್ಧ ನಿಮಿಷ ಒಟ್ಟಿಗೆ ತೆರೆದಿದ್ದು, ಆಮೇಲೆ ಮೊದಲನೆಯದು ಮುಚ್ಚಬೇಕು. ಕಂಟ್ರೋಲರ್ ಬರೆಯುವವರು ಮೊದಲು ಬರೆಯಬೇಕಾದ ಸಾಲು ಇದೇ. ಇದರ ಜೊತೆಗೆ ಮುಖ್ಯ ಪೈಪಿಗೆ ಒಂದು ಪ್ರೆಶರ್ ರಿಲೀಫ್ ವಾಲ್ವ್ ಇರಲೇಬೇಕು. ಕಾಯಿಲು ಸುಟ್ಟು ಒಂದು ವಾಲ್ವ್ ತೆರೆಯದೇ ಹೋದ ದಿನ ಕಾಪಾಡುವುದು ಅದು. ಹರಿಯುತ್ತಿರುವ ನೀರನ್ನು ಥಟ್ಟನೆ ತಡೆದಾಗ ಪೈಪಿನಲ್ಲಿ ಹೊಡೆತ ಏಳುವುದೂ ಗೊತ್ತಿರುವುದೇ. ಪಿವಿಸಿ ಪೈಪಿನಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಹಠಾತ್ತನೆ ನಿಂತರೆ 3ರಿಂದ 4 ಕೆಜಿ ಒತ್ತಡ ಹೆಚ್ಚುವರಿಯಾಗಿ ಏರುತ್ತದೆ. ಎರಡಿಂಚಿನ ಪೈಪಿನಲ್ಲಿ 2,900 ಲೀಟರ್ ಹರಿಯುವಾಗ ವೇಗ ಅರ್ಧ ಮೀಟರಿಗೂ ಕಡಿಮೆ, ಹಾಗಾಗಿ ಹೊಡೆತ ಒಂದೂವರೆ ಕೆಜಿಯ ಒಳಗೆ. ಸಣ್ಣ ತೋಟಕ್ಕೆ ಹೆದರಿಕೆ ಇರುವುದು ಈ ಹೊಡೆತದಿಂದಲ್ಲ, ಮುಚ್ಚಿದ ಬಾಯಿಯಿಂದ.

ಇನ್ನು ವಾಲ್ವ್‌ಗಳಿಗೆ ಅಪ್ಪಣೆ ಕೊಡುವ ಪೆಟ್ಟಿಗೆ. ಹೆಚ್ಚಿನವರ ಕಣ್ಣು ಹೋಗುವುದು ಇದರ ಮೇಲೆ, ಅದರಲ್ಲೂ ಮೊಬೈಲಿನಲ್ಲಿ ಕಾಣುವ ಚಿತ್ರದ ಮೇಲೆ. ಇಡೀ ವ್ಯವಸ್ಥೆಯಲ್ಲಿ ಅಗ್ಗದ ವಸ್ತುಗಳಲ್ಲಿ ಇದೂ ಒಂದು. ಆರ್ಡುಯಿನೊ ಅಥವಾ ಇಎಸ್‌ಪಿ 32 ಎನ್ನುವ ಪುಟ್ಟ ಬೋರ್ಡು 500 ರೂಪಾಯಿ ಆಚೀಚೆಗೆ ಸಿಗುತ್ತದೆ. ಅದಕ್ಕೆ ನಾಲ್ಕು ರಿಲೇಗಳ ಒಂದು ಪಟ್ಟಿ, ಗುಂಡಿ ಸೆಲ್ಲಿನ ಮೇಲೆ ನಡೆಯುವ ಒಂದು ಗಡಿಯಾರದ ಚಿಪ್, 24 ವೋಲ್ಟಿನ ಟ್ರಾನ್ಸ್‌ಫಾರ್ಮರ್, ಫ್ಯೂಸ್ ಇದ್ದರೆ ಮೂರು ವಾಲ್ವಿಗೆ ಸಾಲುತ್ತದೆ. ಇಂಜಿನಿಯರಿಂಗ್, ಡಿಪ್ಲೊಮಾ ಓದುವ ಮಕ್ಕಳಿರುವ ಮನೆಯಲ್ಲಿ ಇದು ರಜೆಯ ಕೆಲಸ. ಅಂಥವರಿಲ್ಲದಿದ್ದರೆ ತಯಾರಾದ ಟೈಮರನ್ನೇ ಕೊಳ್ಳುವುದು ವಾಸಿ.

ತಯಾರಾದ ಟೈಮರಿನಲ್ಲಿ ಒಂದು ಕೊರತೆ ಇದೆ, ಅದು ಹುಟ್ಟುವುದು ಕರ್ನಾಟಕದ ಕರೆಂಟಿನಿಂದ. ಅಮೆರಿಕದ ಹುಲ್ಲುಹಾಸಿಗೆ ಮಾಡಿದ ಟೈಮರ್ ಕರೆಂಟು ಸದಾ ಇರುತ್ತದೆ ಎಂದು ನಂಬಿಕೊಂಡಿರುತ್ತದೆ. ಬೆಳಿಗ್ಗೆ 6 ಗಂಟೆಗೆ ಶುರು ಎಂದರೆ 6 ಗಂಟೆಗೆ ಶುರು. ಇಲ್ಲಿ ಆ ಹೊತ್ತಿಗೆ ಲೈನಿನಲ್ಲಿ ತ್ರೀಫೇಸ್ ಇರದಿದ್ದರೆ ಟೈಮರು ಒಣ ಪೈಪಿಗೆ ವಾಲ್ವ್ ತೆರೆದು ಮುಚ್ಚಿ, ನೀರು ಹಾಯಿಸಿದೆನೆಂದು ತೃಪ್ತಿಯಿಂದ ಮಲಗುತ್ತದೆ. ಸ್ಟಾರ್ಟರಿನಿಂದಲೇ ಕರೆಂಟು ಕೊಟ್ಟು, ಮೋಟರು ಓಡಿದಾಗ ಮಾತ್ರ ಎಣಿಕೆ ನಡೆಯುವ ಸರಳ ಟೈಮರ್ ಹಾಕಿದರೆ ಬೇರೆ ತೊಂದರೆ. ಪ್ರತಿ ಸಲ ಕರೆಂಟು ಹೋಗಿ ಬಂದಾಗಲೂ ಅದು ಒಂದನೆಯ ವಾಲ್ವಿನಿಂದ ಹೊಸದಾಗಿ ಶುರು ಮಾಡುತ್ತದೆ. ದಿನಕ್ಕೆ ನಾಲ್ಕು ಸಲ ಲೈನ್ ಟ್ರಿಪ್ ಆದರೆ ಒಂದನೆಯ ಭಾಗ ಗದ್ದೆಯಾಗುತ್ತದೆ, ಮೂರನೆಯ ಭಾಗಕ್ಕೆ ಸರದಿಯೇ ಬರುವುದಿಲ್ಲ.

ಹೀಗಾಗಿ ಈ ಸೀಮೆಯ ಕಂಟ್ರೋಲರಿಗೆ ಬೇಕಾದ ಮುಖ್ಯ ಗುಣ ನೆನಪು. ಯಾವ ವಾಲ್ವ್ ಎಷ್ಟು ನಿಮಿಷ ಓಡಿದೆ ಎಂಬುದನ್ನು ಕರೆಂಟು ಹೋದರೂ ಅಳಿಯದ ನೆನಪಿನಲ್ಲಿ ಐದು ನಿಮಿಷಕ್ಕೊಮ್ಮೆ ಬರೆದಿಡಬೇಕು, ಕರೆಂಟು ಬಂದಾಗ ಬಿಟ್ಟಲ್ಲಿಂದ ಮುಂದುವರಿಸಬೇಕು. ಸಾಮಾನ್ಯ ಆರ್ಡುಯಿನೊ ಬೋರ್ಡಿನ ಅಂಥ ನೆನಪಿನಲ್ಲಿ ಒಂದೇ ಜಾಗಕ್ಕೆ ಲಕ್ಷ ಸಲ ಬರೆಯಬಹುದು. ದಿನಕ್ಕೆ 7 ಗಂಟೆ, ಐದು ನಿಮಿಷಕ್ಕೊಮ್ಮೆ ಎಂದರೆ 84 ಸಲ. ವರ್ಷವಿಡೀ ಓಡಿದರೂ ಮೂರು ವರ್ಷದ ಮೇಲೆ ಬಾಳುತ್ತದೆ. ಜಾಗ ಬದಲಿಸುತ್ತಾ ಬರೆದರೆ ಇನ್ನೂ ಹೆಚ್ಚು. ಇಷ್ಟು ಬರೆಯಲು ಬಾರದವರಿಗೆ ಸುಲಭದ ಉಪಾಯವೂ ಇದೆ. ಇಂದು ಒಂದನೆಯ ವಾಲ್ವಿನಿಂದ, ನಾಳೆ ಎರಡನೆಯದರಿಂದ, ನಾಡಿದ್ದು ಮೂರನೆಯದರಿಂದ ಶುರುವಾಗುವಂತೆ ಮಾಡಿದರೆ ಕರೆಂಟಿನ ಕಾಟ ಮೂರೂ ಭಾಗಕ್ಕೆ ಸಮನಾಗಿ ಹಂಚಿಹೋಗುತ್ತದೆ. ಎಲೆಕ್ಟ್ರಾನಿಕ್ಸೇ ಇಲ್ಲದೆ ಇದನ್ನು ಸಾಧಿಸುವ ವಾಲ್ವ್ ಕೂಡ ಜಗತ್ತಿನಲ್ಲಿದೆ. ನೀರಿನ ಒತ್ತಡ ಒಮ್ಮೆ ನಿಂತು ಮತ್ತೆ ಬಂದಾಗಲೆಲ್ಲ ಅದರೊಳಗಿನ ತಟ್ಟೆ ಒಂದು ಮನೆ ಮುಂದೆ ಸರಿದು ಮುಂದಿನ ಬಾಯಿ ತೆರೆಯುತ್ತದೆ. ಈಜುಕೊಳದ ತಳ ತೊಳೆಯುವ ಏರ್ಪಾಡುಗಳಲ್ಲೂ ನೀರಿನ ಬಲದಿಂದಲೇ ಸರದಿ ಬದಲಿಸುವ ಇಂಥ ವಾಲ್ವ್‌ಗಳಿವೆ. ಕರೆಂಟು ಹೋಗಿ ಬರುವುದನ್ನೇ ಅಪ್ಪಣೆಯೆಂದು ತಿಳಿಯುವ ಈ ಯಂತ್ರ ನಮ್ಮ ಹಳ್ಳಿಗಳಿಗೆ ಹೇಳಿ ಮಾಡಿಸಿದಂತಿದೆ. ಸ್ಥಳೀಯ ತಯಾರಕರು ಇದನ್ನು ಕೈಗೆತ್ತಿಕೊಂಡರೆ ಒಳ್ಳೆಯದಾಗುತ್ತದೆ.

ಮೋಟರಿನ ಸ್ಟಾರ್ಟರನ್ನು ಮನೆಯಲ್ಲಿ ಮಾಡಿದ ಪೆಟ್ಟಿಗೆಗೆ ಸಿಕ್ಕಿಸಬಾರದು. ಅಲ್ಲಿರುವುದು 415 ವೋಲ್ಟು. ಒಳ್ಳೆಯ ಪ್ಯಾನೆಲಿನಲ್ಲಿ ಒಂದು ಫೇಸ್ ಹೋದಾಗ ಮೋಟರು ನಿಲ್ಲಿಸುವ, ಬೋರು ಬರಿದಾದಾಗ ನಿಲ್ಲಿಸುವ ರಕ್ಷಣೆಗಳು ಮೊದಲೇ ಇರುತ್ತವೆ. ಆ ಕೆಲಸ ಅದಕ್ಕೇ ಇರಲಿ. ವಾಲ್ವ್ ಪೆಟ್ಟಿಗೆ 24 ವೋಲ್ಟಿನ ಕಡೆಗಷ್ಟೇ ಕೈಹಾಕಲಿ. ಟ್ರಾನ್ಸ್‌ಫಾರ್ಮರಿಗೆ ಲೈನ್ ಕೊಡುವುದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡಬೇಕು. ಮೊಬೈಲ್ ಸ್ಟಾರ್ಟರ್ ಇದ್ದವರು ಮೋಟರು ಓಡುತ್ತಿದೆಯೋ ಇಲ್ಲವೋ ಎಂಬುದನ್ನು ಅದರಿಂದಲೇ ತಿಳಿಯಬಹುದು, ವಾಲ್ವಿಗೆಂದು ಇನ್ನೊಂದು ಸಿಮ್ ಬೇಕಿಲ್ಲ. ಆಟೋ ಸ್ಟಾರ್ಟರಿನ ಬಗ್ಗೆ ಒಂದು ಮಾತು ನೆರೆಹೊರೆಗೆ ಸೇರಿದ್ದು. ಕರೆಂಟು ಬಂದ ಕ್ಷಣವೇ ಒಂದು ಟ್ರಾನ್ಸ್‌ಫಾರ್ಮರಿನ ಎಲ್ಲ ಮೋಟರುಗಳೂ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿದು ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗುವುದುಂಟು. ಪ್ಯಾನೆಲಿನಲ್ಲಿರುವ ತಡದ ಗುಂಡಿಯನ್ನು ಒಬ್ಬರು 2 ನಿಮಿಷಕ್ಕೆ, ಇನ್ನೊಬ್ಬರು 4 ನಿಮಿಷಕ್ಕೆ, ಮತ್ತೊಬ್ಬರು 6 ನಿಮಿಷಕ್ಕೆ ಇಟ್ಟುಕೊಂಡರೆ ಇದು ತಪ್ಪುತ್ತದೆ. ಇದಕ್ಕೆ ಹಣ ಬೇಡ, ಅಕ್ಕಪಕ್ಕದವರು ಕೂತು ಮಾತಾಡಿದರೆ ಸಾಕು.

ಹಣ ನಿಜವಾಗಿ ಹೋಗುವುದು ವೈರಿಗೆ. ಮೂರು ವಾಲ್ವಿಗೆ ಒಂದು ಸಾಮಾನ್ಯ ಎಳೆ ಸೇರಿ ನಾಲ್ಕು ಎಳೆ ಬೇಕು. ತಾಮ್ರದ ಬೆಲೆ ಎಲ್ಲರಿಗೂ ತಿಳಿದಿದೆ. ವೈರಿನ ದಪ್ಪವನ್ನು ದೂರ ತೀರ್ಮಾನಿಸುತ್ತದೆ. ಕಾಯಿಲು ಎಳೆಯುವ ಗಳಿಗೆಯಲ್ಲಿ ಅರ್ಧ ಆಂಪಿಯರಿನ ಹತ್ತಿರ ತೆಗೆದುಕೊಳ್ಳುತ್ತದೆ. ಅರ್ಧ ಚದರ ಮಿಲಿಮೀಟರಿನ ವೈರಿನಲ್ಲಿ 100 ಮೀಟರ್ ದೂರಕ್ಕೆ ಆಗ ಬೀಳುವ ವೋಲ್ಟೇಜ್ ಮೂರೂವರೆ ನಾಲ್ಕು. 24ರಲ್ಲಿ 20 ಉಳಿದರೆ ವಾಲ್ವ್ ಏಳುತ್ತದೆ. ಅದೇ ವೈರನ್ನು 300 ಮೀಟರ್ ಎಳೆದರೆ ಹತ್ತು ವೋಲ್ಟಿನ ಮೇಲೆ ಬಿದ್ದುಹೋಗಿ ಕಾಯಿಲು ಗುಂಯ್‌ಗುಟ್ಟುತ್ತದೆ, ವಾಲ್ವ್ ತೆರೆಯುವುದಿಲ್ಲ. ಅಲ್ಲಿಗೆ ಒಂದೂವರೆ ಚದರ ಮಿಲಿಮೀಟರಿನದೇ ಬೇಕು. ಎರಡೆಕರೆಯ ತೋಟದಲ್ಲಿ ಪಂಪಿನಿಂದ ವಾಲ್ವಿಗೆ ನೂರು ಮೀಟರಿನ ಆಸುಪಾಸಿನ ದೂರವೇ ಇರುವುದರಿಂದ ತೆಳು ವೈರು ನಡೆಯುತ್ತದೆ. ಹೊಸದಾಗಿ ಡ್ರಿಪ್ ಹಾಕಿಸುವವರು ಮೂರೂ ಸಬ್‌ಮೇನಿನ ವಾಲ್ವ್‌ಗಳನ್ನು ಪಂಪಿನ ಹತ್ತಿರದ ಒಂದೇ ಗುಂಡಿಯಲ್ಲಿ ಕೂಡಿಸಿದರೆ ವೈರೇ ಬೇಡ. ಪೈಪು ತುಸು ಹೆಚ್ಚು ಹಿಡಿಯುತ್ತದೆ, ಆದರೆ ಪೈಪನ್ನು ಇಲಿ ಕಡಿಯುವುದು ಕಡಿಮೆ, ಅದಕ್ಕೆ ಸಿಡಿಲು ಹೊಡೆಯುವುದೂ ಕಡಿಮೆ. ಎರಡರ ಬೆಲೆಯನ್ನೂ ಪಕ್ಕಪಕ್ಕ ಬರೆದು ನೋಡಿ ತೀರ್ಮಾನಿಸಬೇಕು. ವೈರು ಎಳೆಯಲೇಬೇಕಾದರೆ ಪೈಪಿನ ಚರಂಡಿಯಲ್ಲೇ, ಕಪ್ಪು ಕೊಳವೆಯೊಳಗೆ ಹಾಯಿಸಿ, ಗುದ್ದಲಿ ತಾಗದಷ್ಟು ಆಳದಲ್ಲಿ ಹೂಳಬೇಕು. ಜಾಯಿಂಟಿಗೆ ಬರೀ ಟೇಪು ಸುತ್ತಿದರೆ ಒಂದು ಮಳೆಗಾಲಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಗ್ರೀಸು ತುಂಬಿದ ಕನೆಕ್ಟರ್ ಹಾಕುವುದು ಲೇಸು.

ವಾಲ್ವ್ ಕೆಡುವ ಕಾರಣಗಳಲ್ಲಿ ಎಲೆಕ್ಟ್ರಾನಿಕ್ಸಿಗಿಂತ ಮಣ್ಣು ಮುಂದು. ಸೊಲೆನಾಯ್ಡಿನೊಳಗಿನ ರಂಧ್ರ ಸಾಸಿವೆ ಕಾಳಿಗಿಂತ ಸಣ್ಣದು. ಬೋರಿನ ಮರಳು, ಸುಣ್ಣದ ಹರಳು, ಕಬ್ಬಿಣದಂಶದ ಕೆಂಪು ಲೋಳೆ ಅಲ್ಲಿ ಕೂತರೆ ವಾಲ್ವ್ ಮುಚ್ಚುವುದಿಲ್ಲ. ತೆರೆದೇ ಉಳಿದ ವಾಲ್ವ್ ಮೋಸಗಾರ. ನೀರು ಹೋಗುತ್ತಿರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ, ಉಳಿದ ಭಾಗಗಳಲ್ಲಿ ಒತ್ತಡ ಇಳಿದು ವಾರಗಟ್ಟಲೆ ಮರಗಳು ಬಾಯಾರುತ್ತವೆ. ವಾಲ್ವ್‌ಗಳ ಮುಂದೆ 120 ಮೆಶ್ಶಿನ ಡಿಸ್ಕ್ ಫಿಲ್ಟರ್ ಇರಬೇಕು, ಮರಳು ಬರುವ ಬೋರಾದರೆ ಅದಕ್ಕೂ ಮೊದಲು ಮರಳು ಬೇರ್ಪಡಿಸುವ ಫಿಲ್ಟರ್. ಅದನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆಯಬೇಕು. ಈ ತೊಳೆಯುವ ಕೆಲಸವನ್ನು ಅಗ್ಗದ ಬೆಲೆಯಲ್ಲಿ ಯಂತ್ರಕ್ಕೆ ವಹಿಸಲು ಆಗುವುದಿಲ್ಲ. ಪ್ರತಿ ಸೊಲೆನಾಯ್ಡಿನ ಪಕ್ಕದಲ್ಲಿ ಹಳೆಯ ಗೇಟ್‌ವಾಲ್ವ್ ಹಾಗೇ ಇರಲಿ. ಯಂತ್ರ ಕೈಕೊಟ್ಟ ದಿನ ಕೈಯಿಂದ ನೀರು ಬಿಡಬಹುದು. ಭಾಗ ಭಾಗದ ಒತ್ತಡದ ಹದವನ್ನೂ ಅದನ್ನೇ ಅಷ್ಟಿಷ್ಟು ತಿರುಗಿಸಿ ಒಂದು ಸಲಕ್ಕೆ ಕೂಡಿಸಿಡಬಹುದು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಈ ಪೆಟ್ಟಿಗೆಗಳ ದೊಡ್ಡ ಶತ್ರು. ತೋಟದುದ್ದ ಹೂಳಿದ ವೈರು ಹತ್ತಿರದಲ್ಲಿ ಬಿದ್ದ ಸಿಡಿಲಿನ ಹೊಡೆತವನ್ನು ಪೆಟ್ಟಿಗೆಯ ಒಳಗೇ ತರುತ್ತದೆ. ಪ್ರತಿ ಎಳೆಗೂ ಕೆಲವೇ ರೂಪಾಯಿಯ ವ್ಯಾರಿಸ್ಟರ್ ಹಾಕಿ ಭೂಮಿಗೆ ಇಳಿಸಿದರೆ ಸಣ್ಣ ಹೊಡೆತ ತಡೆಯುತ್ತದೆ. ದೊಡ್ಡದಕ್ಕೆ ಪ್ಲಗ್ಗು ಕಿತ್ತಿಡುವುದೊಂದೇ ದಾರಿ. ಆದ್ದರಿಂದ ವೈರುಗಳೆಲ್ಲ ಒಂದೇ ಪ್ಲಗ್ಗಿಗೆ ಬಂದು ಸೇರುವಂತೆ, ಒಂದೇ ಎಳೆತಕ್ಕೆ ಬಿಡಿಸಿಕೊಳ್ಳುವಂತೆ ಮಾಡಿಡಬೇಕು.

ದೊಡ್ಡ ಪ್ರಮಾಣದ ಯಾಂತ್ರೀಕರಣವೂ ಕರ್ನಾಟಕಕ್ಕೆ ಬಂದಿದೆ. ಬಾಗಲಕೋಟೆ ಜಿಲ್ಲೆಯ ಹುನಗುಂದ ಕಡೆಯ ರಾಮಥಾಳ ಯೋಜನೆಯಲ್ಲಿ 24,000 ಹೆಕ್ಟೇರಿಗೆ ಸ್ವಯಂಚಾಲಿತ ವಾಲ್ವ್‌ಗಳ ಹನಿ ನೀರಾವರಿ ರೂಪಿಸಲಾಯಿತು. ಅಜ್ಜಂಪುರದ ಸುರಂಗದ ಮೂಲಕ ನೀರು ಹಾಯುವ ಭದ್ರಾ ಮೇಲ್ದಂಡೆ ಯೋಜನೆಯೂ ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಸೂಕ್ಷ್ಮ ನೀರಾವರಿಯನ್ನೇ ಗುರಿಯಾಗಿ ಇಟ್ಟುಕೊಂಡಿದೆ. ಅಲ್ಲಿ ವಾಲ್ವ್ ತೆರೆಯುವ ತೀರ್ಮಾನ ರೈತನ ಕೈಯಿಂದ ದೂರದ ಕಂಟ್ರೋಲ್ ರೂಮಿಗೆ ಹೋಗುತ್ತದೆ, ರಿಪೇರಿಯೂ ಬೇರೆಯವರ ಕೈಯಲ್ಲಿರುತ್ತದೆ. ಎರಡೆಕರೆಯ ತೋಟದ ಮೂರು ವಾಲ್ವಿನ ವ್ಯವಸ್ಥೆಗೆ ಇರುವ ದೊಡ್ಡ ಅನುಕೂಲ ಎಂದರೆ ಕೆಟ್ಟದ್ದನ್ನು ಮನೆಯವರೇ ಬಿಚ್ಚಿ ನೋಡಬಹುದು.

ಎಲ್ಲರಿಗೂ ಇದು ಬೇಕೆಂದಿಲ್ಲ. ಒಂದೆಕರೆ ತೋಟ, ಒಂದೇ ವಾಲ್ವ್, ಮನೆ ಪಕ್ಕದಲ್ಲೇ ಪಂಪು ಇರುವವರಿಗೆ ಆಟೋ ಸ್ಟಾರ್ಟರ್ ಒಂದೇ ಸಾಕು. ಹಣ ಒಟ್ಟಿಗೆ ಇಲ್ಲದವರು ಮೊದಲ ವರ್ಷ ಫಿಲ್ಟರ್, ಪ್ರೆಶರ್ ರಿಲೀಫ್, ಮರದ ಎಣಿಕೆಯಂತೆ ಭಾಗಗಳ ಹಂಚಿಕೆ ಮಾಡಿಕೊಳ್ಳಲಿ. ಮುಂದಿನ ವರ್ಷ ವಾಲ್ವ್ ಮತ್ತು ಟೈಮರ್ ಕೊಳ್ಳಲಿ. ಮೊಬೈಲ್ ಆ್ಯಪ್ ಕೊನೆಗೆ, ಬೇಕೆನಿಸಿದರೆ. ಡ್ರಿಪ್ಪಿಗೆ ಸರ್ಕಾರದ ಸಹಾಯಧನ ಇದೆ. ಈ ವರ್ಷದ ಪ್ರಮಾಣ ಎಷ್ಟು, ಯಾಂತ್ರೀಕರಣದ ಭಾಗಗಳು ಅದರಲ್ಲಿ ಸೇರುತ್ತವೆಯೇ ಎಂಬುದನ್ನು ಸಾಮಾನು ಕೊಳ್ಳುವ ಮೊದಲೇ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಪೆಟ್ಟಿಗೆಯನ್ನು ಬಿಚ್ಚಿ ಮನೆಯ ಒಣ ಜಾಗದಲ್ಲಿಡುವುದು ಒಳ್ಳೆಯ ರೂಢಿ. ಮಳೆ ಹಿಂದೆ ಸರಿದು ನೀರು ಹಾಯಿಸುವ ಕಾಲ ಬಂದಾಗ ಜೋಡಿಸುವ ಮೊದಲು ಮಲ್ಟಿಮೀಟರಿನಿಂದ ಪ್ರತಿ ಕಾಯಿಲಿನ ಓಮ್ ನೋಡಬೇಕು. 24 ವೋಲ್ಟಿನ ಕಾಯಿಲಿಗೆ ಸಾಮಾನ್ಯವಾಗಿ 20ರಿಂದ 60ರ ನಡುವೆ ತೋರಿಸುತ್ತದೆ. ಸೊನ್ನೆಯ ಹತ್ತಿರ ತೋರಿದರೆ ಕಾಯಿಲು ಶಾರ್ಟ್ ಆಗಿದೆ, ಏನೂ ತೋರದಿದ್ದರೆ ತಂತಿ ಕಡಿದಿದೆ. ಆಗ ಬದಲಿಸಬೇಕಾದ್ದು ಕಾಯಿಲು ಮಾತ್ರ. ಅದು ಬಿಡಿಯಾಗಿ ಸಿಗುತ್ತದೆ, ಇಡೀ ವಾಲ್ವ್ ಕೊಳ್ಳಬೇಕಿಲ್ಲ.